ಕಲ್ಲುಶಾಲೆಯ ಆಯಮ್ಮ

ನಮ್ಮ ಕಲ್ಲುಶಾಲೆಯ ಆಯಮ್ಮನ ಕೈಗೆ ಸಿಕ್ಕವರು ಆ ಕಟ್ಟಡದ ಚರಿತ್ರೆ ಕೇಳದೆ ಹೊರಬಿದ್ದದ್ದಿಲ್ಲ. ಮಗನ ವರ್ಗಾವಣೆ ಪತ್ರಕ್ಕೆಂದು ಬಂದ ಅಪ್ಪನೂ ಅಡಿಪಾಯದಿಂದ ಹಿಡಿದು ಬಾಗಿಲ ಕಮಾನಿನವರೆಗೆ ಕೇಳಿಯೇ ಹೋಗಬೇಕು. ‘ಗೋಡೆ ಎರಡು ಮೊಳ ದಪ್ಪ. ಗಾರೆಗೆ ಹಾಕಿರೋವಷ್ಟು ಬೆಲ್ಲ ನಮ್ಮನೇಲಿ ಚಹಾಕ್ಕೂ ಹಾಕಿಲ್ಲ!’ ಮೂಲೆಗಲ್ಲುಗಳನ್ನಂತೂ ಹೊಸ ಅಳಿಯನನ್ನು ಉಪಚರಿಸುವಂತೆ ಒರೆಸುತ್ತಾಳೆ. ಮೊನ್ನೆ ಕಟ್ಟಡ ಕೆಡವಬೇಕೋ ಬೇಡವೋ ಎಂದು ನೋಡಲು ಎಂಜಿನಿಯರು ಬಂದಾಗ, ‘ಗುದ್ದಿ ನೋಡಿ ಸ್ವಾಮಿ, ನಿಮ್ಮ ಕೈಗೆ ಪಟ್ಟಿ ಕಟ್ಟೋದು ನನ್ನ ಜವಾಬ್ದಾರಿ’ ಅಂದಳು. ಆತ ಸುತ್ತಿಗೆಯಿಂದ ಒಂದು ಗಂಟೆ ತಟ್ಟಿ ನೋಡಿ, ಮೇಲಿನ ಮಾಡು ಬದಲಿಸಿದರೆ ಸಾಕು, ಗೋಡೆ ಇನ್ನೂ ನೂರು ವರ್ಷ ನಿಲ್ಲುತ್ತದೆ ಎಂದು ಬರೆದುಕೊಂಡ. ಆಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ತರಗತಿಯ ಎತ್ತರದ ಕಿಟಕಿಯತ್ತ ಕೈ ತೋರಿ, ‘ಹಾಗೇ ಆ ಕಿಟಕಿ ಒಂಚೂರು ತಗ್ಗಿಸಿ’ ಎಂದಳು. ‘ಯಾಕಮ್ಮ?’ ‘ನಾನು ಚಿಕ್ಕವಳಿದ್ದಾಗ ಹೆಣ್ಣುಮಕ್ಕಳನ್ನ ಇಲ್ಲಿ ಸೇರಿಸ್ಕೊಳ್ತಿರಲಿಲ್ಲ. ಹೊರಗೆ ಅದರ ಕೆಳಗೆ ನಿಂತೇ ಮಗ್ಗಿ ಕಲಿತೆ. ಮೇಷ್ಟ್ರ ಮಾತು ಕೇಳಿಸ್ತಿತ್ತು, ಬೋರ್ಡು ಕಾಣ್ತಿರಲಿಲ್ಲ.’ ‘ಈಗ ಹೊರಗೆ ಯಾರು ನಿಲ್ತಾರಮ್ಮ?’ ‘ಯಾರೂ ಇಲ್ಲ, ಎಲ್ಲಾ ಹುಡುಗೀರೂ ಒಳಗೇ ಇದಾರೆ. ಅವರಿಗೆ ಆಕಾಶ ಕಾಣಲಿ.’ ಎಂಜಿನಿಯರು ಅಳತೆಯ ಟೇಪು ಬಿಚ್ಚಿ, ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, ‘ಎಲ್ಲೀವರೆಗೆ ತಗ್ಗಿಸ್ಲಿ, ನೀವೇ ತೋರಿಸಿ’ ಎಂದ.