ಮಿಯಾಪುರದಿಂದ ಮಸ್ಕತ್ತಿಗೆ ಒಂದು ಹೆಸರು

ಅಂದು ಬೆಳಿಗ್ಗೆ ಹೈದರಾಬಾದಿನ ಮಿಯಾಪುರದ ನಮ್ಮ ಮನೆಯಲ್ಲಿ, ಊಟದ ಮೇಜಿನ ಸುತ್ತ ನಾಲ್ವರು ಹೆಂಗಸರು ಕೂತಿದ್ದೆವು. ನಾನು, ಎದುರುಬಾಗಿಲಿನ ತೆಲುಗರ ಹೆಣ್ಣುಮಗಳು ವಿಜಯಾ, ಕೊಂಡಾಪುರದ ಸಾಫ್ಟ್‌ವೇರ್ ಕಂಪನಿಗೆ ಹೋಗುವ ಮೇಲಿನ ಮಹಡಿಯ ಹುಡುಗಿ ಶ್ರಾವಣಿ, ಮತ್ತೆ ನಮ್ಮ ಕಟ್ಟಡದ ವಾಚ್‌ಮನ್ನನ ಹೆಂಡತಿ ಮಲ್ಲಮ್ಮ, ಯಾದಗಿರಿ ಕಡೆಯವಳು. ಮೇಜಿನ ನಡುವೆ ನನ್ನ ಹೊಸ ಫೋನು ಅಂಗಾತ ಮಲಗಿತ್ತು. ಜ್ವರ ಬಂದ ಕೂಸನ್ನು ನೋಡುವಂತೆ ನಾಲ್ವರೂ ಅದರ ಮೇಲೆ ಬಾಗಿದ್ದೆವು. ಅದರೊಳಗಿಂದ ನನ್ನದೇ ಧ್ವನಿ "ಹಲೋ, ಯಾರ್ರೀ ಅದು?" ಎನ್ನುತ್ತಿತ್ತು. ನಾನಾದರೋ ಬಾಯಿ ಮುಚ್ಚಿಕೊಂಡಿದ್ದೆ.

ಮಲ್ಲಮ್ಮ ಹಿಂದಕ್ಕೆ ಸರಿದಳು. "ಅಯ್ಯ ಶಿವನ! ಇದರಾಗ ಯಾರ್ ಕುಂತಾರ್ರೀ ಅಕ್ಕಾರ, ನಿಮ್ಮಂಗ ಮಾತಾಡಾಕ?"

ಶ್ರಾವಣಿ ನಕ್ಕಳು. ಆ್ಯಪ್ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ನೋಡಲು ನಮ್ಮ ಮಾತನ್ನೇ ನಮಗೆ ತಿರುಗಿ ಕೇಳಿಸುತ್ತಾರಂತೆ. ನನಗೆ ಮಾತ್ರ ಮೈ ಜುಂ ಎಂದಿತು. ಊರು ಬಿಟ್ಟು ಬಂದ ಮೇಲೆ ನನ್ನ ಧ್ವನಿಯನ್ನು ನಾನು ಕೇಳಿದ್ದು ಅದೇ ಮೊದಲು. ಅದು ನನ್ನದಲ್ಲ, ನಮ್ಮ ಆಯಿಯದು ಅನ್ನಿಸಿತು.

ಆಯಿ ಎಂದರೆ ನಮ್ಮಪ್ಪನ ತಾಯಿ, ಲಿಂಗಸೂಗೂರಿನ ಗಂಗಮ್ಮ. ನನಗೂ ನನ್ನ ತಮ್ಮ ಶರಣೂಗೂ ಮಾತು ಕಲಿಸಿದವಳು ಅವಳೇ. ಅವ್ವ ಅಪ್ಪ ಅಂಗಡಿಯಲ್ಲಿರುತ್ತಿದ್ದರು, ನಾವು ಅವಳ ಮಗ್ಗುಲಲ್ಲಿರುತ್ತಿದ್ದೆವು. ಈಗ ಅವಳಿಲ್ಲ. ನಾನು ಗಂಡನ ಕೆಲಸದ ಬೆನ್ನು ಹತ್ತಿ ಹೈದರಾಬಾದಿಗೆ ಬಂದೆ. ಅವರದು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ನೌಕರಿ. ತಮ್ಮ ಇನ್ನೂ ದೂರ ಹೋದ, ಸಮುದ್ರದಾಚೆಯ ಮಸ್ಕತ್ತಿಗೆ, ಎ.ಸಿ. ರಿಪೇರಿ ಮಾಡುವ ಕೆಲಸಕ್ಕೆ. ಅಲ್ಲಿ ಅವನ ಹೆಂಡತಿ ಕಾವೇರಿ ಹೆಣ್ಣು ಹಡೆದಳು. ಆ ಕೂಸಿಗೆ ಹೆಸರಿಡಬೇಕಿತ್ತು. ನಮ್ಮ ತಲೆಬಿಸಿಯೆಲ್ಲ ಹುಟ್ಟಿದ್ದು ಅಲ್ಲಿಂದ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ಅವಳು ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಗೆ ಬಾಯಿ ಹಚ್ಚಿ, "ಕುರ್‌ರ್‌ರ್" ಎಂದು ಹೆಸರು ಉಸುರಬೇಕು. ಉಸುರಿದ್ದೇ ತಡ, ನೆರೆದ ಹೆಂಗಸರೆಲ್ಲ ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ. ಯಾಕೆ ಗುದ್ದುತ್ತಾರೆಂದು ಸಣ್ಣವಳಿದ್ದಾಗ ಆಯಿಯನ್ನು ಕೇಳಿದ್ದೆ. "ಹೆಸರಿಟ್ಟಾಕಿಗೆ ಸಾಯೂತನಕ ನೆನಪಿರ್‍ಬೇಕವ್ವ, ಅದಕ್ಕ" ಅಂದಿದ್ದಳು. ಆಕೆಯ ಇನ್ನೊಂದು ಕಟ್ಟಳೆಯೂ ಇತ್ತು: ಸೋದರತ್ತೆ ಕೂಸಿನ ಮುಖ ನೋಡಿಯೇ ಹೆಸರು ಗಟ್ಟಿ ಮಾಡಬೇಕು, ಹೇಳುವ ಮುಂಚೆ ಯಾರ ಮುಂದೂ ಬಾಯಿ ಬಿಡಬಾರದು. ಮೊದಲು ಕೂಸಿನ ಕಿವಿ, ಆಮೇಲೆ ಊರ ಕಿವಿ.

ನನ್ನ ಹತ್ತಿರ ಪಾಸ್‌ಪೋರ್ಟ್ ಇರಲಿಲ್ಲ. ಶರಣೂಗೆ ರಜೆ ಇರಲಿಲ್ಲ. ಅಲ್ಲಿನ ಆಸ್ಪತ್ರೆಯವರು ಮಾತ್ರ ಹೆಸರು ಕೇಳುತ್ತಲೇ ಇದ್ದರು.

"ಅಕ್ಕಾ, ನೀ ಹೆಸರು ಮೆಸೇಜ್ ಮಾಡಿಬಿಡು" ಎಂದ ತಮ್ಮ.

"ಮೆಸೇಜ್ ಮಾಡಿದ್ರ ಮೊದಲ ನೀ ಓದ್ತಿ. ಕೂಸು ಓದತೈತೇನು?"

"ಮತ್ತ ಫೋನ್ ಹಚ್ಚು. ಎರಡ ಮಾತು."

"ಮಾರಿ ನೋಡದಂಗ ಹೆಂಗ ಹೆಸರಿಡ್ಲೋ? ನಿನ್ನ ಹೆಸರಿಟ್ಟಾಗ ನಮ್ಮ ಸೋದರತ್ತಿ ನಿನ್ನ ಮಾರಿ ಒಂದು ತಾಸು ನೋಡಿದ್ಲಂತ."

"ಅಷ್ಟು ನೋಡಿ ಶರಣಪ್ಪ ಅಂತ ಇಟ್ಲು! ನಮ್ಮ ಓಣ್ಯಾಗ ಆಗಲೇ ಆರು ಮಂದಿ ಇದ್ರು" ಎಂದು ಅವನು ನಕ್ಕ. ಆಮೇಲೆ, "ಹಂಗಾದ್ರ ವಿಡಿಯೊ ಕಾಲ್ ಮಾಡೋ ಆ್ಯಪ್ ಹಾಕ್ಕೋ ಅಕ್ಕಾ. ಶುಕ್ರವಾರ ಇಡೋಣು. ಒಂದ್ ವ್ಯಾಳ್ಯಾ ಹತ್ತಲಿಲ್ಲಂದ್ರ ಬಾಜೂ ಮನಿ ನಸೀಮಾ ಅದಾರ, ನಿಮ್ಮ ಹೈದರಾಬಾದಿನವರ. ಅವರ ಕಡಿಂದ ಹೇಳಿಸಿದ್ರಾತು" ಎಂದ.

ಅದು ನನಗೆ ಚುಚ್ಚಿತು. ಯಾರದೋ ಬಾಯಿಂದ ನನ್ನ ಸೋದರಸೊಸೆಗೆ ಹೆಸರೇ! ಇರುವ ಒಬ್ಬನೇ ತಮ್ಮ, ಇದೇ ಮೊದಲ ಕೂಸು. ಆ ಶುಕ್ರವಾರ ನಾನು ಹೆಸರಿಡದಿದ್ದರೆ ಅವನ ಸಂಸಾರದಲ್ಲಿ ನನ್ನ ಜಾಗ ಯಾವುದು? ಹಬ್ಬಕ್ಕೊಮ್ಮೆ ಫೋನು ಮಾಡುವ ಧ್ವನಿಯಷ್ಟೇ.

ಹೀಗೆ ನಾನು ಆ್ಯಪ್ ಹುಡುಕಲು ಹೊರಟೆ. ನಮ್ಮೂರಲ್ಲಿ ಈ ತೊಂದರೆಯೇ ಇರಲಿಲ್ಲ. ಬಸ್‌ಸ್ಟ್ಯಾಂಡ್ ಪಕ್ಕ ಒಂದೇ ಎಸ್‌ಟಿಡಿ ಡಬ್ಬಿ, ಒಂದೇ ಗಾಜಿನ ಬಾಗಿಲು. "ಯಾವುದರಲ್ಲಿ ಮಾತಾಡ್ತೀರಿ?" ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ, "ಕೂಡ್ರಿ" ಎನ್ನುತ್ತಿದ್ದರು. ಇಲ್ಲಿ ಎಲ್ಲದಕ್ಕೂ ಆಯ್ಕೆ. ಈ ನಗರಕ್ಕೆ ಬಂದ ಹೊಸತರಲ್ಲಿ ಜೋಳದ ಹಿಟ್ಟು ಹುಡುಕಿ ಗಿರಣಿ ಗಿರಣಿ ಅಲೆದದ್ದು ನೆನಪಾಯಿತು. ಆಗ ಬೇಕಾದದ್ದು ಸಿಗುತ್ತಿರಲಿಲ್ಲ. ಈಗ ಬೇಡವೆನ್ನುವಷ್ಟು ಸಿಗುತ್ತಿತ್ತು, ಬೇಕಾದದ್ದು ಯಾವುದೆಂದೇ ತಿಳಿಯುತ್ತಿರಲಿಲ್ಲ.

ಅವುಗಳ ಇಂಗ್ಲಿಷ್ ಹೆಸರುಗಳು ನನ್ನ ನಾಲಿಗೆಗೆ ಹತ್ತಲಿಲ್ಲ. ಬಣ್ಣದಿಂದಲೇ ಗುರುತಿಟ್ಟುಕೊಂಡೆ. ವಿಜಯಾಳದು ನೀಲಿ ಪಕ್ಷ; ಅವಳ ಮಗ ಅಮೆರಿಕದಿಂದ ಅದರಲ್ಲೇ ಮಾತಾಡುತ್ತಾನೆ. "ಇದಿ ಚಾಲಾ ಬಾಗುಂದಿ ಅಕ್ಕಾ" (ಇದು ಬಹಳ ಚೆನ್ನಾಗಿದೆ) ಎನ್ನುತ್ತಾ ತನ್ನ ಫೋನನ್ನು ನನ್ನ ಮೂಗಿಗೆ ಹಿಡಿಯುತ್ತಿದ್ದಳು. ಶ್ರಾವಣಿ ನೇರಳೆಯವಳು. ನಮ್ಮ ಮನೆಯವರ ಕಾರ್ಖಾನೆಯಲ್ಲಿ ಹಸಿರಿನದೇ ಮಾತು. ಆದರೆ ಹಸಿರಿನಲ್ಲಿ ಆಗ ಬರೆದು ಕಳಿಸಬಹುದಿತ್ತು, ಮುಖ ನೋಡುವಂತಿರಲಿಲ್ಲ. ಕಿತ್ತಳೆ ಬಣ್ಣದ್ದೊಂದು ತಾನಾಗಿಯೇ ಬಂದು ಕೂತಿತ್ತು. ಯಾರು ಕರೆದರೋ ಗೊತ್ತಿಲ್ಲ.

ಒಂದೊಂದೂ ಒಂದೊಂದು ಪ್ರಶ್ನೆ ಕೇಳುತ್ತಿತ್ತು. ನಿಮ್ಮ ಹೆಸರೇನು, ನಂಬರೇನು, ನಿಮ್ಮ ಪರಿಚಯದವರನ್ನೆಲ್ಲ ನೋಡಬಹುದೇ? ಮನೆಗೆ ಬಂದವರು ನೀರು ಕುಡಿಯುವ ಮುಂಚೆಯೇ ಕಪಾಟು ತೆಗೆದು ನೋಡಲೇ ಎಂದು ಕೇಳಿದ ಹಾಗೆ. ಹೂಂ ಎಂದೆ. ನೀಲಿಯಲ್ಲಿ ಶರಣು ಇದ್ದ, ಆದರೆ ಹಳೆಯ ನಂಬರಿನ ಶರಣು. ನೇರಳೆಯಲ್ಲಿ ಗ್ಯಾಸ್ ತರುವವನೂ ಹಾಲಿನವನೂ ಇದ್ದರು, ತಮ್ಮ ಇರಲಿಲ್ಲ. ಕಿತ್ತಳೆಯಲ್ಲಿ ತಮ್ಮ ಸಿಕ್ಕ, ಕರೆದರೆ ಅವನ ಕಡೆ ಗಂಟೆಯೇ ಬಾರಿಸಲಿಲ್ಲ. "ಅಕ್ಕಾ, ಈ ದೇಶದಾಗ ಕೆಲವು ನಡೀತಾವ, ಕೆಲವು ನಡೆಯಂಗಿಲ್ಲ. ನಿನ್ನೆ ನಡದದ್ದು ಇವತ್ತ ನಡೆಯಂಗಿಲ್ಲ" ಎಂದ. ಯಾವುದು ಯಾವಾಗ ನಡೆಯುತ್ತದೆಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಯಾವುದಾದರೂ ಒಂದು ಹತ್ತಲೆಂದು ಹೊಸ ನಂಬರಿನಲ್ಲಿ ನೀಲಿಯನ್ನೂ ನೇರಳೆಯನ್ನೂ ಹಾಕಿಕೊಂಡ.

ಶ್ರಾವಣಿ ಮೇಲಿನ ಮನೆಗೆ ಓಡಿ ಅಲ್ಲಿಂದ ನೇರಳೆಯಲ್ಲಿ ನನಗೆ ಕರೆ ಮಾಡಿದಳು. ಅವಳ ಮುಖ ಫಳಫಳ ಬಂತು, ಮಾತೂ ಸ್ಪಷ್ಟ. ನಾನು ಗೆದ್ದೆ ಎಂದು ಕುಣಿದೆ.

ಮಲ್ಲಮ್ಮ ಕೈಯಲ್ಲಿನ ಪೊರಕೆ ಕೆಳಗಿಡದೆ ಹೇಳಿದಳು: "ಬಾಲ್ಕನ್ಯಾಗ ನಿಂತು ಒಂದು ಒದರಿದ್ರೂ ಕೇಳತಿತ್ರಿ ಅಕ್ಕಾರ. ಮಸ್ಕತ್ತಿಗೆ ಕೇಳ್ತದೇನು, ಅದನ್ನ ನೋಡ್ರಿ."

ಶುಕ್ರವಾರ ಬಂತು. ನಾನು ಕಡಲೆ ಗುಗ್ಗರಿ ಮಾಡಿದೆ, ರೇಷ್ಮೆ ಸೀರೆ ಉಟ್ಟೆ. ತೊಟ್ಟಿಲಿಲ್ಲದ ಮನೆಯಲ್ಲಿ ಊಟದ ಮೇಜೇ ತೊಟ್ಟಿಲಾಯಿತು. ಅದಕ್ಕೆ ಸೆರಗಿನಷ್ಟು ಹಸಿರು ಬಟ್ಟೆ ಹಾಸಿ, ಅರಿಶಿನ ಕುಂಕುಮ ಇಟ್ಟು, ಫೋನನ್ನು ಗೋಡೆಗೆ ಆನಿಸಿದೆ. ಗುದ್ದಬೇಕೆಂದು ವಿಜಯಾಳಿಗೂ ಶ್ರಾವಣಿಗೂ ಹೇಳಿಕೊಟ್ಟೆ. ವಿಜಯಾ ಗಾಬರಿಯಾದಳು: "ಕೊಟ್ಟಾಲಾ? ಮಿಮ್ಮಲ್ನಾ?" ಹೊಡೆಯಬೇಕೇ, ನಿಮ್ಮನ್ನೇ? ನಮ್ಮ ಎದುರು ಬಾಗಿಲುಗಳು ಸದಾ ಮುಚ್ಚಿರುತ್ತಿದ್ದವು. ಲಿಂಗಸೂಗೂರಿನಂತೆ "ಏನ್ ಮಾಡೀರಿ ಅಡಗಿ?" ಎಂದು ಒಳಗೆ ನುಗ್ಗುವ ರೂಢಿ ಇಲ್ಲಿಲ್ಲ. ಅಂಥವರಿಗೆ ನನ್ನ ಬೆನ್ನು ಒಪ್ಪಿಸುವಾಗ ನನಗೂ ನಗು ಬಂತು.

ಹೇಳಿದ ಹೊತ್ತಿಗೆ ನೇರಳೆಯಲ್ಲಿ ಕರೆದೆ. ಕಾರ್ಯನಿರತ. ನೀಲಿಯಲ್ಲಿ ಕರೆದೆ. ಕಾರ್ಯನಿರತ. ಇತ್ತ ನಾನು ನೀಲಿಯಲ್ಲಿ ಕರೆಯುವಾಗ ಅತ್ತ ಅವನು ಕಿತ್ತಳೆಯಲ್ಲಿ ನನ್ನನ್ನು ಕರೆಯುತ್ತಿದ್ದನಂತೆ. ನಾನು ಕಿತ್ತಳೆ ತೆಗೆದರೆ ಅವನು ನೇರಳೆಗೆ ಹೋಗಿದ್ದ. ಅಕ್ಕ ತಮ್ಮ ಸಂತೆಯಲ್ಲಿ ಒಬ್ಬರನ್ನೊಬ್ಬರು ಹುಡುಕುತ್ತಾ ಸುತ್ತಿದಂತಾಯಿತು.

"ಒಬ್ಬಾರು ಒಂದ್ ಕಡೆ ನಿಂದರ್‍ರಿ! ಇಬ್ಬರೂ ತಿರುಗಾಡಿದ್ರ ಹೆಂಗ ಸಿಗ್ತೀರಿ?" ಎಂದು ಮಲ್ಲಮ್ಮ ಗದರಿದಳು.

ನಾನು ಕೈ ತೆಗೆದು ಸುಮ್ಮನೆ ಕೂತೆ. ಆಗ ನೀಲಿ ಮೊಳಗಿತು.

ಮೊದಲು ಕಂಡದ್ದು ಒಂದು ಸೀಲಿಂಗ್ ಫ್ಯಾನು. ಆಮೇಲೆ ಶರಣುವಿನ ಗಲ್ಲ. ಆಮೇಲೆ ತಲೆಗೆ ಓಢಣಿ ಹೊದ್ದ ಒಬ್ಬ ಹೆಣ್ಣುಮಗಳು, ಅವಳೇ ನಸೀಮಾ. ಅವಳ ತೋಳಿನಲ್ಲಿ ಕೂಸು. ನಸೀಮಾ ನನ್ನನ್ನು ನೋಡಿ "ಸಲಾಂ ಆಪಾ" ಎಂದಳು. ಆಪಾ ಎಂದರೆ ಅಕ್ಕ. ನನ್ನ ಕಣ್ಣು ಕೂಸಿನ ಮೇಲಿತ್ತು. ಮನಸ್ಸಿನಲ್ಲಿ ಎರಡು ಹೊಸ ಕಾಲದ ಹೆಸರು ಇಟ್ಟುಕೊಂಡಿದ್ದೆ. ಕೂಸು ಕಣ್ಣು ಬಿಟ್ಟು, ಹುಬ್ಬು ಗಂಟಿಕ್ಕಿ, ಜೋಳ ಅಳೆಯುವವನ ಕಡೆ ಆಯಿ ನೋಡುತ್ತಿದ್ದಂತೆ ನನ್ನ ಕಡೆ ನೋಡಿತು. ಎರಡೂ ಹೆಸರು ಬಿದ್ದುಹೋದವು.

ನಸೀಮಾ ಫೋನನ್ನು ಕೂಸಿನ ಕಿವಿಗೆ ಹಿಡಿದಳು. ನಾನು ಬಾಗಿ, ಅಂಗೈ ಅಡ್ಡ ಹಿಡಿದು, "ಕುರ್‌ರ್‌ರ್..." ಎಂದು ಹೆಸರು ಉಸುರಿದೆ. ದಬದಬ ಗುದ್ದುಗಳು ಬಿದ್ದವು. ಅಷ್ಟೊತ್ತು ಹೆದರುತ್ತಿದ್ದ ವಿಜಯಾಳದೇ ಎಲ್ಲಕ್ಕಿಂತ ಜೋರು. ನನ್ನ ಮೊಣಕೈ ತಗುಲಿ ಫೋನು ಮಗುಚಿ ಬಿತ್ತು. ಎತ್ತಿ ನೋಡಿದರೆ ನೀಲಿಯೂ ಇಲ್ಲ, ಕೂಸೂ ಇಲ್ಲ.

ಎಷ್ಟು ಒತ್ತಿದರೂ ಒಂದೂ ಹತ್ತಲಿಲ್ಲ. ಸ್ವಲ್ಪ ಹೊತ್ತಿಗೆ ತಮ್ಮನ ಸಾದಾ ಫೋನು ಬಂತು. ಹಿಂದೆ ಕೂಸು ಕಿರುಚುತ್ತಿತ್ತು.

"ಅಕ್ಕಾ, ಕುರ್ ಅಂದದ್ದು ಕೇಳ್ತು. ಮುಂದ ಬರೇ ದಬದಬ. ಕೂಸು ಬೆಚ್ಚಿಬಿತ್ತು. ಈಗ ಫೋನ್ ಸನೇಕ ಒಯ್ದ್ರ ಸಾಕು, ಚೀರತೈತಿ. ಹೆಸರು ಏನಂತ ಹೇಳು, ನಾನ ಹೇಳಿಬಿಡ್ತೀನಿ."

ಹೆಸರು ಕೂಸಿನ ಕಿವಿಗೆ ಹೋಯಿತೋ, ಸಮುದ್ರಕ್ಕೆ ಬಿತ್ತೋ? ಕೇಳಿಸಿಕೊಂಡಿದ್ದರೆ ಕೂಸು ಮಾತ್ರ. ಅದನ್ನು ಕೇಳುವುದು ಹೇಗೆ? ಅಪ್ಪನ ಬಾಯಿಂದ ಹೇಳಿಸುವುದಂತೂ ಕೂಡದು. ಆಯಿ ಇದ್ದರೆ ಏನನ್ನುತ್ತಿದ್ದಳು? ಹಿಂತಿರುಗಿ ನೋಡಿದೆ. ಮೂರು ಹೆಣ್ಣುಮಕ್ಕಳು ಇನ್ನೂ ಮುಷ್ಟಿ ಬಿಚ್ಚದೆ ನಿಂತಿದ್ದರು. ಇವರಲ್ಲಿ ಇಬ್ಬರು ನಮ್ಮ ಭಾಷೆಯವರಲ್ಲ, ಆದರೂ ಅವರ ಗುದ್ದಿಗೂ ನನ್ನ ಬೆನ್ನು ಉರಿಯುತ್ತಿತ್ತು.

"ನಸೀಮಾ ಕೈಯಾಗ ಕೊಡು. ನೀ ದೂರ ಹೋಗು" ಎಂದೆ.

ನಸೀಮಾಳಿಗೆ ನಮ್ಮೂರ ಉರ್ದುವಿನಲ್ಲೇ ಹೇಳಿದೆ: ನಿನಗೆ ಹೆಸರು ಹೇಳುತ್ತೇನೆ, ನೀನು ಕೂಸಿನ ಕಿವಿಯಲ್ಲಿ ಹೇಳು. ಅವಳು ತಡವರಿಸಿದಳು. "ಮೈ ಪಯ್ಲೇ ಸುನೇ ತೋ ಕೈಸಾ ಆಪಾ? ಪಯ್ಲಾ ಹಕ್ ಬಚ್ಚೀ ಕಾ ಹೈ ನಾ?" ನಾನು ಮೊದಲು ಕೇಳಿದರೆ ಹೇಗೆ, ಮೊದಲ ಹಕ್ಕು ಕೂಸಿನದಲ್ಲವೇ ಎಂದು ಅವಳೇ ನನ್ನನ್ನು ಕೇಳಿದಳು. ಶರಣು ಅವಳಿಗೆ ಎಲ್ಲ ಹೇಳಿದ್ದ. "ಕೂಸಿಗೆ ಆಗಲೇ ಹೇಳಿದ್ದೇನಮ್ಮಾ, ನೀನು ಎರಡನೆಯವಳು" ಎಂದೆ. ಅದು ನಿಜವೋ ಸುಳ್ಳೋ ಇಂದಿಗೂ ತಿಳಿಯದು.

"ಗಂಗಾ" ಎಂದೆ.

"ಹೌ ಆಪಾ" ಎಂದು ಅವಳು ಕರೆ ಕಡಿಯದೆಯೇ ಫೋನು ಕೆಳಗಿಟ್ಟಳು. ಅಳು ಕೇಳುತ್ತಿತ್ತು. ನಡುವೆ ಸಣ್ಣಗೆ, ಅಭ್ಯಾಸವಿಲ್ಲದ ನಾಲಿಗೆಯ ಒಂದು "ಕುರ್‌ರ್". ಅಳು ನಿಂತಿತು. ಹೆಸರಿಗೆ ನಿಂತಿತೋ, ಹಾಲಿಗೆ ನಿಂತಿತೋ ಹೇಳಲಾರೆ.

ಆಮೇಲೆ ಒಂದು ಮದುವೆಗೆಂದು ಲಿಂಗಸೂಗೂರಿಗೆ ಹೋದಾಗ ಓಣಿಯ ಹಿರಿಯರು ಕೇಳಿದರು: "ಕೂಸಿಗೆ ಗಂಗವ್ವ ಅಂತ ಹೆಸರಿಟ್ಟಾಕಿ ಯಾರಬೇ?" ಒಮ್ಮೆ "ನಾನು" ಎಂದೆ. ಒಮ್ಮೆ "ನಸೀಮಾ" ಎಂದೆ. ಕಡೆಗೆ "ಇಬ್ಬರೂ" ಎಂದೆ. "ಹೈದರಾಬಾದದಾಕಿ ಮಾತು ತಳ ಇಲ್ಲ, ಬುಡ ಇಲ್ಲ" ಎಂದು ನಕ್ಕರು. ಅಲ್ಲಿ ನಾನು ಹೈದರಾಬಾದದಾಕಿ. ಇಲ್ಲಿ ಇಡೀ ಕಟ್ಟಡಕ್ಕೆ ಕನ್ನಡ ಆಂಟಿ. ಮಿಯಾಪುರದ ರಸ್ತೆಯ ನಡುವೆ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು. ಯಾವ ಕಂಬ ಯಾವುದಕ್ಕೆ ಕೂಡುತ್ತದೆಂದು ತಿಳಿಯದೆ ಬಸ್ಸಿನ ಕಿಟಕಿಯಿಂದ ನೋಡುತ್ತಾ ಮನೆಗೆ ಬಂದೆ. ಫೋನಿನಲ್ಲಿ ಎಲ್ಲ ಬಣ್ಣಗಳೂ ಹಾಗೇ ಇದ್ದವು. ಯಾವುದನ್ನು ತೆಗೆಯಬೇಕೆಂದು ಇನ್ನೂ ಗೊತ್ತಾಗಿರಲಿಲ್ಲ.

ಮುಂದಿನ ವರ್ಷ ನಸೀಮಾ ಇಲ್ಲೇ ಹೈದರಾಬಾದಿನ ಟೋಲಿಚೌಕಿಯ ತವರಿಗೆ ಬಂದಳು. ಒಂದು ಮಧ್ಯಾಹ್ನ ಕಾವೇರಿ ಕಳಿಸಿದ ಖರ್ಜೂರದ ಡಬ್ಬಿ ಹಿಡಿದು ನಮ್ಮ ಮನೆಗೂ ಬಂದಳು. ವಿಜಯಾ ತನ್ನ ಬಾಗಿಲು ತೆರೆದಿಟ್ಟೇ ಓಡಿ ಬಂದಳು, ಮಲ್ಲಮ್ಮನೂ ಮೇಲೆ ಬಂದಳು. ಚಹಾ ಆಯಿತು, ಗಂಗಾಳ ಫೋಟೊ ನೋಡಿದ್ದಾಯಿತು. ಹೊರಡಲು ಎದ್ದ ನಸೀಮಾ ಚಪ್ಪಲಿ ಮೆಟ್ಟದೆ ಹೊಸ್ತಿಲಲ್ಲಿ ನಿಂತಳು.

"ಆಪಾ, ವ್ಹಾಂ ಮೇರೆಕೂ ಕೋಯೀ ನೈ ಮಾರೇ" ಎಂದಳು. ಅಲ್ಲಿ ನನಗೆ ಯಾರೂ ಗುದ್ದಲೇ ಇಲ್ಲ.

ಓಢಣಿ ಸರಿಮಾಡಿಕೊಂಡು, ನಮ್ಮ ಕಡೆಗೆ ಬೆನ್ನು ತಿರುಗಿಸಿ, ಸ್ವಲ್ಪ ಬಾಗಿ ನಿಂತಳು. ನಾನು ಮುಷ್ಟಿ ಕಟ್ಟಿದೆ.