ಓಕುಳಿ ನೀರು ಮತ್ತು ದೊಡ್ಡಮ್ಮನ ಕಿವಿ

ದೊಡ್ಡಮ್ಮನ ಕಿವಿಯ ಹಾಲೆಗಳು ಓಲೆಯ ಭಾರಕ್ಕೆ ಜೋತುಬಿದ್ದು, ಚುಚ್ಚಿದ ತೂತು ಸೀಳಿನಷ್ಟು ಉದ್ದವಾಗಿತ್ತು. ಆ ದೊಡ್ಡ ಕಿವಿಗಳ ಹಿಂದೆ ಗೋಡಂಬಿ ಆಕಾರದ ಎರಡು ಬೂದು ಬಣ್ಣದ, ಕಿವಿ ಕೇಳಿಸುವ ಮಿಷನ್ನುಗಳು ಕೂತಿರುತ್ತಿದ್ದವು. ಎಲ್ಲಾದರೂ ಕಳಚಿ ಬಿದ್ದರೆ ಎಂಬ ಭಯಕ್ಕೆ ಎರಡಕ್ಕೂ ಕಪ್ಪು ದಾರ ಕಟ್ಟಿ, ಆ ದಾರವನ್ನು ಬೆನ್ನ ಮೇಲೆ ರವಿಕೆಗೆ ಪಿನ್ನು ಹಾಕಿ ಸಿಕ್ಕಿಸಿಕೊಂಡಿದ್ದಳು. ಯಾರಾದರೂ ನೋಡಿ ನಕ್ಕರೆ, "ದನಕ್ಕೆ ಹಗ್ಗ ಹಾಕಲ್ವಾ? ಇದೂ ಹಂಗೇ. ತಪ್ಪಿಸ್ಕೊಂಡ್ರೆ ನೀನು ಹುಡುಕಿಕೊಡ್ತೀಯಾ?" ಎನ್ನುತ್ತಿದ್ದಳು.

ಆಕೆ ನನ್ನ ತಾಯಿಯ ಅಕ್ಕ. ಕಣಕಟ್ಟೆ ಹತ್ತಿರದ ಒಂದು ತೆಂಗಿನ ತೋಟದ ಮನೆಗೆ ಸೊಸೆಯಾಗಿ ಹೋದವಳು. ದೊಡ್ಡಪ್ಪ ಮಂಡಿನೋವೆಂದು ಜಗಲಿ ಸೇರಿದ ಮೇಲೆ ತೋಟ, ಕೂಲಿ, ಕೊಬ್ಬರಿ ಎಲ್ಲ ಇವಳ ಪಾಲಿಗೆ ಬಂತು. ನಮ್ಮ ಕಡೆ ಕಾಯನ್ನು ಒಡೆದು ಬಿಸಿಲಿಗೆ ಹಾಕುವುದಿಲ್ಲ. ಇಡಿಯಾಗಿ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಗ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ನೀರು ಉಳಿದಿದ್ದರೆ ಸದ್ದೇ ಬೇರೆ. ಹಸಿ ಇದ್ದಾಗ ಒಡೆದರೆ ಕೊಬ್ಬರಿ ಕಪ್ಪು ತಿರುಗುತ್ತದೆ, ವ್ಯಾಪಾರಿ ಮೂಸಿಯೂ ನೋಡುವುದಿಲ್ಲ. ಯಾವ ಕಾಯಿ ಇಳಿಸಬೇಕು, ಯಾವುದು ಇನ್ನೂ ಮಲಗಿರಬೇಕು ಎಂದು ಆ ಮನೆಯಲ್ಲಿ ಹೇಳುತ್ತಿದ್ದವಳು ದೊಡ್ಡಮ್ಮ. ಅದನ್ನು ಹೇಳುವವರೇ ಆ ಮನೆಯ ಯಜಮಾನರು. ಮಿಕ್ಕವರೆಲ್ಲ ಉಂಡು ಮಲಗುವವರು.

ಅವಳ ಕಿವಿ ಮಂದವಾಗತೊಡಗಿದಾಗ ಮನೆಯವರು ನಡೆದುಕೊಂಡ ರೀತಿ ನೆನೆದರೆ ಈಗಲೂ ಮೈ ಉರಿಯುತ್ತದೆ. ಮೊದಲು ಕಿರುಚಿದರು. ಆಮೇಲೆ ಕಿರುಚುವುದಕ್ಕೂ ಬೇಜಾರಾಗಿ, ಹೇಳುವುದನ್ನೇ ಬಿಟ್ಟರು. ಎಲ್ಲರೂ ನಗುತ್ತಿದ್ದಾಗ ಅವಳು "ಏನಂತೆ?" ಎಂದು ಕೇಳಿದರೆ "ಏನಿಲ್ಲ ಬಿಡು" ಎಂದುಬಿಡುತ್ತಿದ್ದರು. ಇದರಲ್ಲಿ ಮುಂದಾಳು ಆಕೆಯ ಮೈದುನ. ವರಸೆಯಲ್ಲಿ ನನಗೆ ಚಿಕ್ಕಪ್ಪ. ಎದುರಿಗೆ ಹಾಗೇ ಕರೆಯುತ್ತೇನೆ; ಮನಸ್ಸಿನಲ್ಲಿ ಏನೆಂದು ಕರೆಯುತ್ತೇನೆ ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ. "ಅತ್ತಿಗೆಗೆ ಕಿವಿ ಹೋತು. ಇನ್ಮ್ಯಾಕೆ ಅಟ್ಟ ನಾನೇ ನೋಡ್ಕೊಂತೀನಿ" ಎಂದು ಆತ ಬಂದವರಿಗೆಲ್ಲ ಸಾರುವಾಗ ದೊಡ್ಡಮ್ಮ ಜಗಲಿಯಲ್ಲಿ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳಿಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು.

ನಾನಿರುವುದು ಅರಸೀಕೆರೆಯಲ್ಲಿ. ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಆ ಜಗಲಿಯಿಂದಲೇ ಅವಳನ್ನು ಎಬ್ಬಿಸಿಕೊಂಡು ಬಂದು, ಇಲ್ಲಿನ ಒಂದು ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ, ಎರಡೂ ಕಿವಿಗೆ ಮಿಷನ್ ಹಾಕಿಸಿದೆ. ಅಂಗಡಿಯಿಂದ ರಸ್ತೆಗಿಳಿದವಳು ಗಕ್ಕನೆ ನಿಂತು, "ನಿಮ್ಮೂರು ಇಷ್ಟೊಂದು ಅರಚ್ಕೊಂತೈತೇನೆ? ಥೂ!" ಎಂದಳು. ಆದರೆ ಮಿಷನ್ ತೆಗೆಯಲಿಲ್ಲ. ಊರಿಗೆ ಹೋದವಳೇ ಸೀರೆ ಎತ್ತಿ ಕಟ್ಟಿ ಅಟ್ಟ ಹತ್ತಿದಳಂತೆ. ಮೈದುನ ಇಳಿಸಲೆಂದು ಒಂದು ಮೂಲೆಗೆ ಒಟ್ಟಿದ್ದ ರಾಶಿಯಲ್ಲಿ ಬಹುಪಾಲನ್ನು ವಾಪಸ್ ಹರಡಿಸಿದಳಂತೆ. ಆತ ಅವತ್ತು ಊಟಕ್ಕೆ ಬರಲಿಲ್ಲ ಎಂದು ನನಗೆ ಫೋನಿನಲ್ಲಿ ಹೇಳಿ ನಕ್ಕಳು.

ಅಲ್ಲಿಂದ ಮುಂದೆ ನೀರು ಕಂಡರೆ ಅವಳಿಗೆ ಆಗದು. ಮುಖ ತೊಳೆಯುವ ಮುಂಚೆ ಮಿಷನ್ ಬಿಚ್ಚಿ ದೇವರ ಗೂಡಿನಲ್ಲಿಡುವಳು. ಮೋಡ ಕಟ್ಟಿದರೆ ತಲೆಗೆ ಪ್ಲಾಸ್ಟಿಕ್ ಕವರು. ಬೆವರಿದರೆ ಸೆರಗಿನಿಂದ ಕಿವಿಯ ಹಿಂದೆ ಒರೆಸಿ ಒರೆಸಿ ಅಲ್ಲಿನ ಚರ್ಮವೇ ಕೆಂಪಾಗಿತ್ತು.

ಇಷ್ಟು ಜೋಪಾನ ಮಾಡಿದ್ದನ್ನು ಒಂದು ಚೊಂಬು ನೀರು ಹಾಳು ಮಾಡಿತು. ಮೈದುನನ ಮಗನಿಗೆ ಮಾದಿಹಳ್ಳಿಯಿಂದ ಹೆಣ್ಣು ತಂದಿದ್ದರು. ಮದುವೆಯ ಮಾರನೆಯ ದಿನ ಹೆಣ್ಣಿನ ಮನೆಯ ಅಂಗಳದಲ್ಲಿ ಓಕುಳಿ. ಅರಿಸಿನ ಸುಣ್ಣ ಕದಡಿದ ಕೆಂಪು ನೀರನ್ನು ಹಂಡೆಗೆ ತುಂಬಿಟ್ಟಿರುತ್ತಾರೆ; ಅತ್ತಿಗೆ ಮೈದುನ, ಭಾವ ನಾದಿನಿ ವರಸೆಯವರು ಒಬ್ಬರ ಮೇಲೊಬ್ಬರು ಎರಚಬಹುದು. ಎರಚಿಸಿಕೊಂಡವರು ಕೋಪ ಮಾಡಿಕೊಳ್ಳುವ ಹಾಗಿಲ್ಲ. ಈ ಕಾನೂನು ಮಾಡಿದವರು ಯಾರೋ, ನನ್ನ ಕೈಗೆ ಸಿಗಬೇಕಿತ್ತು. ದೊಡ್ಡಮ್ಮ ಹಂಡೆಯಿಂದ ದೂರ, ಚಪ್ಪರದ ಕಂಬದ ಹತ್ತಿರ ಬೀಗಿತ್ತಿಯ ಜೊತೆ ಮಾತಾಡುತ್ತ ನಿಂತಿದ್ದಳು. ಮೈದುನ ಹಿಂದಿನಿಂದ ಬಂದು ತುಂಬಿದ ಚೊಂಬನ್ನು ಅವಳ ನೆತ್ತಿಯ ಮೇಲೆ ಬೋರಲು ಹಾಕಿದ.

ಎಲ್ಲರೂ ಹೋ ಎಂದರು. "ಮಿಷನ್ನು! ಮಿಷನ್ ಐತೆ ಕಣ್ರೋ!" ಎಂದು ಕೂಗುತ್ತ ದೊಡ್ಡಮ್ಮ ಎರಡೂ ಕೈಯಿಂದ ಅವನ್ನು ಕೀಳಲು ಹೋದಳು. ದಾರ ತುರುಬಿಗೆ ಸಿಕ್ಕಿಕೊಂಡಿತು. ಅವಳ ಗಾಬರಿಯನ್ನೂ ಆಟವೆಂದೇ ತಿಳಿದು ಇನ್ಯಾರೋ ಇನ್ನೊಂದು ಚೊಂಬು ಎತ್ತಿದರು. ನಾನು ನುಗ್ಗಿ ಅದನ್ನು ಕಿತ್ತುಕೊಂಡು ಅಂಗಳದಾಚೆ ಎಸೆದೆ. ಅಷ್ಟು ಹೊತ್ತಿಗೆ ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ.

"ಮರ್ತೋತು ಕಣಮ್ಮ, ಬೇಕಂತ ಮಾಡಿದ್ನಾ?" ಎಂದ ಮೈದುನ. "ಓಕುಳಿಗೆಲ್ಲ ಯಾರಾದ್ರೂ ಕ್ವಾಪ ಮಾಡ್ಕೊಂತಾರಾ?" ಎಂದು ನಕ್ಕ.

ಬೇಕೆಂದು ಮಾಡಿದ್ದಲ್ಲ, ನಂಬುತ್ತೇನೆ. ಅವಳ ಕಿವಿಯಲ್ಲಿ ಏನಿದೆ ಎಂಬುದು ಆತನಿಗೆ ನಿಜವಾಗಿಯೂ ನೆನಪಿರಲಿಲ್ಲ. ಒಂದೇ ಸೂರಿನಡಿ ದಿನವೂ ಎದುರು ಬದುರು ಕೂತು ಉಣ್ಣುವವನಿಗೆ ಅದು ನೆನಪಿಡುವಷ್ಟು ದೊಡ್ಡ ವಿಷಯವಾಗಿರಲಿಲ್ಲ. ನನ್ನ ಸಿಟ್ಟು ಅದಕ್ಕೆ. ನಕ್ಕದ್ದಕ್ಕೂ ಹೌದು.

ಮಿಷನ್ ನನ್ನ ಕೈಗೆ ಕೊಡು, ಅಂಗಡಿಯಲ್ಲಿ ತೋರಿಸುತ್ತೇನೆ ಎಂದು ಸನ್ನೆ ಮಾಡಿದೆ. ಕೊಡಲಿಲ್ಲ. ಅವತ್ತು ಅವಳು ಯಾರನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಅವುಗಳನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಊರಿಗೆ ಹೋದಳು. ಹೋಗಿ, ಬಟ್ಟೆಯಲ್ಲಿ ಸುತ್ತಿ ಕೊಬ್ಬರಿ ಅಟ್ಟದ ಮೇಲೆ, ಒಲೆಯ ನೇರಕ್ಕೆ ಇಟ್ಟಳು. ಕಾಯಿಯ ಹೊಟ್ಟೆಯೊಳಗಿನ ನೀರನ್ನೇ ಇಂಗಿಸುವ ಅಟ್ಟ ಇಷ್ಟುದ್ದದ ಮಿಷನ್ನಿನ ನೀರು ಇಂಗಿಸದೇ ಎಂಬುದು ಅವಳ ಲೆಕ್ಕ. ಆ ಮನೆಯಲ್ಲಿ ಬಿತ್ತನೆ ಬೀಜ, ಮೆಣಸಿನಕಾಯಿ, ಸೀಗೆಕಾಯಿ, ಏನು ಒದ್ದೆಯಾದರೂ ಅಟ್ಟಕ್ಕೇ ಹೋಗುತ್ತಿತ್ತು. ಭಾನುವಾರ ನಾನು ಹೋಗಿ ಬಟ್ಟೆ ಬಿಚ್ಚಿದೆ. ಕಿವಿಯೊಳಗೆ ಕೂರುವ ರಬ್ಬರು ಕಾವಿಗೆ ಸೊಟ್ಟಗಾಗಿತ್ತು. ಹೊಗೆ ಹಿಡಿದು ಮಿಷನ್ ಅಂಟಂಟಾಗಿತ್ತು. ಒಳಗೇ ಉಳಿದಿದ್ದ ಬ್ಯಾಟರಿಯ ಸುತ್ತ ಹಸಿರು ಕಿಲುಬು. ದೊಡ್ಡಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಈ ಸಲ ಅವನ್ನು ತಾನೇ ನನ್ನ ಚೀಲಕ್ಕೆ ಹಾಕಿದಳು.

ಅರಸೀಕೆರೆಯ ಅಂಗಡಿಯವನು ಅದನ್ನು ತಿರುಗಿಸಿ ನೋಡಿ, ಲೊಚಗುಟ್ಟಿ, ನಮಗೇ ಪಾಠ ಹೇಳಿದ. "ಒದ್ದೆ ಆದ ತಕ್ಷಣ ಬ್ಯಾಟರಿ ತೆಗೀಬೇಕಿತ್ತು ಮೇಡಂ. ಅದರ ಪುಟ್ಟ ಬಾಗಿಲು ತೆಗೆದಿಟ್ಟು, ಒಣ ಬಟ್ಟೇಲಿ ಒರೆಸಿ, ನೀರು ಹೀರೋ ಹರಳು ಇರೋ ಡಬ್ಬೀಲಿ ಮುಚ್ಚಿಡಬೇಕಿತ್ತು. ದಿನಾ ರಾತ್ರಿ ಅದರಲ್ಲೇ ಇಡಬೇಕು, ಬೆವರಿನ ತೇವಾನೂ ಹೋಗುತ್ತೆ. ಒಲೆ, ಬಿಸಿಲು ಯಾವುದೂ ತೋರಿಸಬಾರದು."

"ಆ ಡಬ್ಬಿ ನಮಗೆ ಕೊಟ್ಟಿದ್ರಾ?"

ಆತ ಗಾಜಿನ ಬೀರುವಿನ ಕಡೆ ನೋಡಿದ. ಡಬ್ಬಿಗಳು ಅಲ್ಲಿ ಸಾಲಾಗಿ ಕೂತಿದ್ದವು. "ವಯಸ್ಸಾದೋರು... ಇದನ್ನೆಲ್ಲ ಎಲ್ಲಿ ಪಾಲಿಸ್ತಾರೆ ಅಂತ..." ಎಂದ.

ಅವತ್ತು ನಾನು ಆಡಿದ ಮಾತಿಗೆ ಪಕ್ಕದ ಅಂಗಡಿಯವರು ಎದ್ದು ಬಂದರು. ವಯಸ್ಸಾದವರು ಅನ್ನುವ ಒಂದು ಪದದ ಕೆಳಗೆ ಎಷ್ಟು ಸೋಮಾರಿತನ ಅಡಗಿಸಿಡುತ್ತಾರೆ ಈ ಜನ! ಹೇಳಬೇಕಾದ್ದನ್ನು ಹೇಳುವುದಿಲ್ಲ, ಆಮೇಲೆ ಅವರಿಗೆ ತಿಳಿಯುವುದಿಲ್ಲ ಎನ್ನುತ್ತಾರೆ.

ರಿಪೇರಿಗೆ ಬಹಳ ದಿನ ಹಿಡಿಯಿತು. ಆ ನಡುವೆಯೇ ಕೊಬ್ಬರಿ ವ್ಯಾಪಾರಿ ಬಂದ. ನಾನೂ ಅವತ್ತು ಅಲ್ಲಿದ್ದೆ. ಮೈದುನ ಆಗಲೇ ಅಟ್ಟದಿಂದ ರಾಶಿ ರಾಶಿ ಇಳಿಸಿ, ಸಿಪ್ಪೆ ಸುಲಿಸಿ, ಅರ್ಧ ಒಡೆಸಿದ್ದ. "ಅತ್ತಿಗೆಗೆ ಕೇಳ್ಸಾಕಿಲ್ಲ, ನನ್ತಾವ ಮಾತಾಡಿ" ಎಂದು ವ್ಯಾಪಾರಿಗೆ ಹೇಳಿ, ಇಬ್ಬರೂ ಅವಳಿಗೆ ಬೆನ್ನು ಹಾಕಿ ಕೂತರು. ದೊಡ್ಡಮ್ಮ ರಾಶಿಯಿಂದ ಒಂದು ಕಾಯಿ ಎತ್ತಿಕೊಂಡಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು, ಮತ್ತೆ ಅಲ್ಲಾಡಿಸಿದಳು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಆಮೇಲೆ ನೇರ ನಡೆದು ಬಂದು, ಅವರಿಬ್ಬರ ನಡುವೆ ಜಗಲಿಯ ಕಲ್ಲಿಗೆ ಕಾಯನ್ನು ಅಪ್ಪಳಿಸಿದಳು. ನೀರು ವ್ಯಾಪಾರಿಯ ಪಂಚೆಗೆ ಸಿಡಿಯಿತು.

"ನಂಗೆ ಕೇಳ್ಸಲ್ಲ ಕಣಪ್ಪ," ಎಂದಳು ಮೈದುನನಿಗೆ. "ನಿಂಗೆ ಕಾಣ್ಸಾದೂ ಇಲ್ವಾ?"

ವ್ಯಾಪಾರಿ ಎದ್ದು ಹೋದ. ಒಡೆದಿದ್ದ ಕೊಬ್ಬರಿಯೆಲ್ಲ ಕಪ್ಪು ಹಿಡಿದು ಎಣ್ಣೆ ಗಾಣಕ್ಕೂ ಬೇಡವಾಯಿತು. ಮಿಷನ್ ವಾಪಸ್ ಬಂದ ದಿನ ದೊಡ್ಡಮ್ಮ ಮಾಡಿದ ಮೊದಲ ಕೆಲಸವೆಂದರೆ ಅಟ್ಟದ ಏಣಿಯನ್ನು ಎಳೆದು ತನ್ನ ಕೋಣೆಗೆ ಹಾಕಿಕೊಂಡದ್ದು. ಸಾಯುವವರೆಗೂ ಅವಳನ್ನು ಕೇಳದೆ ಆ ಮನೆಯಲ್ಲಿ ಯಾರೂ ಒಂದು ಕಾಯಿ ಇಳಿಸಲಿಲ್ಲ.

ಕೊನೆಗೆ ಜ್ವರದಲ್ಲಿ ಮಲಗಿ ಅರಸೀಕೆರೆಯ ನಮ್ಮ ಮನೆಯಲ್ಲೇ ಇದ್ದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ, "ಅವನಿಗೂ ಕೇಳ್ಸಾಕಿಲ್ಲ ಕಣೆ" ಎಂದಳು. ಯಾರಿಗೆ ಎಂದೆ. "ನಿನ್ನ ಚಿಕ್ಕಪ್ಪಂಗೆ. ಎಲ್ಲದಕ್ಕೂ ಹೂಂ ಹೂಂ ಅಂತಾನೆ, ನಾನೂ ಹಂಗೇ ಅಂತಿದ್ದೆ. ಹೇಳ್ಕೊಳ್ಳಾಕೆ ನಾಚ್ಕೆ ಅವನಿಗೆ. ನೀನೇ ಕರ್ಕೊಂಡೋಗಿ ಮಿಷನ್ ಹಾಕ್ಸು."

ಚಮಚ ಬಟ್ಟಲಿಗೆ ಬಿಸಾಕಿದೆ. "ಅವರಿಗಾ? ನಾನಾ? ನಿನಗೆ ಮಾಡಿದ್ದೆಲ್ಲ ಮರೆತುಹೋಯ್ತಾ ದೊಡ್ಡಮ್ಮ?"

"ಬೈಬ್ಯಾಡ ಅಂದ್ನಾ ನಾನು? ಬೈಕೊಂಡೇ ಕರ್ಕೊಂಡೋಗು. ಕೇಳ್ದೇ ಕೂತಿರಾದು ಏನು ಅಂತ ನಂಗೊತ್ತು. ನಿಂಗೊತ್ತಿಲ್ಲ."

ಆ ವಾರವೇ ಹೋದಳು. ಅವಳಿಲ್ಲದ ಆ ಮನೆಗೆ ಕಾಲಿಡಲು ನನಗೆ ಇಷ್ಟವಿರಲಿಲ್ಲ, ತಿಥಿಗೆಂದು ಹೋದೆ. ಎಲೆ ಹಾಕಿ ಎಲ್ಲರೂ ಏನೋ ಮಾತಾಡಿ ನಗುತ್ತಿದ್ದರು. ಚಿಕ್ಕಪ್ಪ ಕತ್ತು ಮುಂದೆ ಚಾಚಿ "ಏನಂತೆ?" ಎಂದ. "ಏನಿಲ್ಲ ಬಿಡಿ ಮಾವ" ಎಂದಳು ಸೊಸೆ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಪಾಯಸ ಬರುವವರೆಗೂ ಖುಷಿಯಾಗಿಯೇ ಇದ್ದೆ. ಆತ ಎಲ್ಲರ ಬಾಯನ್ನೇ ನೋಡುತ್ತ, ಅವರು ನಕ್ಕಾಗ ತಾನೂ ನಗುತ್ತಿದ್ದ. ಪಾಯಸ ಮುಟ್ಟದೆ ಎಲೆ ಮಡಚಿ ಎದ್ದೆ.

ಮಾರನೆಯ ಬೆಳಿಗ್ಗೆ ಆತನ ರಟ್ಟೆ ಹಿಡಿದು ಬಸ್ಸು ಹತ್ತಿಸಿದೆ. ಎಲ್ಲಿಗೆ ಎಂದು ಕೇಳಲಿಲ್ಲ; ನಾನು ಕಿವಿ ಮುಟ್ಟಿ ತೋರಿಸಿದೆ, ತಲೆ ತಗ್ಗಿಸಿಕೊಂಡು ಬಂದ. ಕಣಕಟ್ಟೆಯಿಂದ ಅರಸೀಕೆರೆಯವರೆಗೂ ಬೈದೆ. ಮಾದಿಹಳ್ಳಿಯ ಅಂಗಳದ್ದು ಬೈದೆ, ಜಗಲಿಯದ್ದು ಬೈದೆ, ಅವಳು ಅವರೆಕಾಯಿ ಸುಲಿಯುತ್ತಿದ್ದಾಗ ಆಡಿದ ಮಾತಿಗೂ ಬೈದೆ. ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡಿದರು. ಚಿಕ್ಕಪ್ಪ ಹೂಂ ಹೂಂ ಎಂದು ತಲೆಯಾಡಿಸುತ್ತ ಕೂತಿದ್ದ. ಒಂದು ಮಾತೂ ಕಿವಿಗೆ ಬಿದ್ದಿರಲಿಲ್ಲ.

ಸಂಜೆ ಎರಡೂ ಕಿವಿಗೆ ಮಿಷನ್ ಹಾಕಿಸಿ, ಒಣಗಿಸುವ ಡಬ್ಬಿಯನ್ನು ಅಂಗಡಿಯವನ ಕೈಯಿಂದ ಕಿತ್ತುಕೊಂಡು ಬಂದು, ವಾಪಸ್ ಬಸ್ಸು ಹತ್ತಿದೆವು. ಬಸ್ಸು ಸ್ಟ್ಯಾಂಡು ದಾಟುತ್ತಿದ್ದಂತೆ ನಾನು ಮತ್ತೆ ಮೊದಲಿನಿಂದ ಬೈಯಲು ಶುರು ಮಾಡಿದೆ.