ಮೇಷ್ಟ್ರು ಬೇಡ ಅನ್ನಲಿಲ್ಲ

ಗೆಳೆಯರೇ, ಇವತ್ತು ಒಬ್ಬರಿಂದ "ಬೇಡ" ಅನ್ನಿಸಿಕೊಳ್ಳಲೆಂದೇ ಭದ್ರಾವತಿಗೆ ಹೋಗಿದ್ದೆ. ವಿಯೆಟ್ನಾಂಗೆ ಹೋಗಿ ಇಂಗ್ಲಿಷ್ ಕಲಿಸಲು ಬೇಕಾದ ಸರ್ಟಿಫಿಕೇಟ್ ಕೋರ್ಸಿನ ಅರ್ಜಿಯ ಪ್ರಿಂಟ್ ಮೂರು ತಿಂಗಳಿಂದ ನನ್ನ ಬ್ಯಾಗಿನಲ್ಲೇ ಇದೆ. ಶಿವಮೊಗ್ಗದ ದುರ್ಗಿಗುಡಿ ಶಾಲೆಯಲ್ಲಿ ಹದಿನಾಲ್ಕು ವರ್ಷ ಪಾಠ ಮಾಡಿದವಳಿಗೆ ಈಗ ವಿಯೆಟ್ನಾಂ ಯಾಕೆ ಎಂದು ಹೈಸ್ಕೂಲಿನ ನನ್ನ ಇಂಗ್ಲಿಷ್ ಮೇಷ್ಟ್ರು ಬೈದಿದ್ದರೆ ಸಾಕಿತ್ತು.

ಕನ್ನಡ ಮೀಡಿಯಂನ ನಮ್ಮನ್ನು ಅವರು ಬೇವಿನ ಮರದ ಕೆಳಗೆ ಕೂರಿಸಿ, ಫ್ಯಾಕ್ಟರಿ ಸೈರನ್ ಕೂಗುವ ತನಕ ಇಂಗ್ಲಿಷ್‌ನಲ್ಲಿ ಮಾತಾಡಿಸುತ್ತಿದ್ದರು. "ಮೈ ಫಾದರ್ ಈಸ್ ಇನ್ ಸೆಕೆಂಡ್ ಶಿಫ್ಟ್" ಎಂದು ನಾನು ಮೊದಲ ಬಾರಿ ತಪ್ಪಿಲ್ಲದೆ ಹೇಳಿದ ದಿನ, ಇಡೀ ಕ್ಲಾಸಿನ ಕೈಲಿ ಚಪ್ಪಾಳೆ ಹೊಡೆಸಿದ್ದರು.

ಅರ್ಜಿ ಓದಿದ ಮೇಷ್ಟ್ರು ಕನ್ನಡಕ ತೆಗೆದರು. "ನಂಗೂ ಮಾಲ್ಡೀವ್ಸ್‌ನಲ್ಲಿ ಕೆಲಸ ಸಿಕ್ಕಿತ್ತು ಕಣಮ್ಮ. ಆ ವರ್ಷ ನಿಮ್ಮ ಬ್ಯಾಚಿಗೆ ಎಸ್ಸೆಸ್ಸೆಲ್ಸಿ. ಬಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲ."

"ನಮಗೋಸ್ಕರ ಉಳಿದ್ರಾ ಸಾರ್?"

"ಉಳಿದೆ. ಆದ್ರೂ ಹನ್ನೊಂದು ಜನ ಇಂಗ್ಲಿಷ್‌ನಲ್ಲೇ ಫೇಲಾದ್ರು! ಸುಮ್ನೆ ಹೋಗು ಮಾರಾಯ್ತಿ, ಇಲ್ಲಿನ ಮಕ್ಕಳು ಹೇಗೋ ಪಾಸಾಗ್ತಾರೆ."

ಆಮೇಲೆ ಕೆಂಪು ಪೆನ್ನು ಹುಡುಕಿ, ನನ್ನ ಅರ್ಜಿಯಲ್ಲಿ ನಾಲ್ಕು ತಪ್ಪು ತಿದ್ದಿ ಕೈಗೆ ಕೊಟ್ಟರು. ಶಿವಮೊಗ್ಗದ ಬಸ್ಸಿನಲ್ಲಿ ಕೂತು, ಮೊಬೈಲಿನಲ್ಲೇ ಎಲ್ಲ ಸರಿಮಾಡಿ ಕಳುಹಿಸಿಬಿಟ್ಟೆ.

ವಿಯೆಟ್ನಾಂ ಮಕ್ಕಳ ಪುಣ್ಯ, ಆ ನಾಲ್ಕು ತಪ್ಪು ಭದ್ರಾವತಿಯಲ್ಲೇ ಉಳಿದವು.